ಊಹೆ ಬೇರೆ, ಅಂದಾಜು ಬೇರೆ!

‘ಸುಮ್ನೆ ಸಿಕ್ಕಸಿಕ್ಕ ಬಟನ್ ಒತ್ತೋದು, ಲಕ್ ಇದ್ರೆ ಗೆಲ್ಲೋದು. ಇದ್ರಲ್ಲಿ ಏನಪ್ಪಾ ಬುದ್ಧಿವಂತಿಕೆ?’ ಟೆಕ್ಕೆನ್, ಸ್ಟ್ರೀಟ್ ಫೈಟರ್‌ನಂಥ ಫೈಟಿಂಗ್ ಗೇಮ್ ಆಡುವ ನಮ್ಮ ವಯಸ್ಸಿನವರಿಗೆ ಮನೆಯಲ್ಲಿ ಈ ಮಾತು ತಪ್ಪಿದ್ದಲ್ಲ. ಗೆಳೆಯರ ನಡುವೆಯೂ ಅಷ್ಟೆ. ಚೆನ್ನಾಗಿ ಹೊಡೆದವನಿಗೆ ಶಹಬ್ಬಾಸ್ ಸಿಗುತ್ತದೆ. ಏಟು ತಡೆದವನಿಗೆ ಸಿಗುವುದು, ‘ಬಚಾವಾದೆ ಬಿಡು, ಗೆಸ್ ಸರಿಹೋಯ್ತು’ ಎಂಬ ಮಾತು. ನಿಜಕ್ಕೂ ಅದು ಬರೀ ಊಹೆಯೇ?

ಲೆಕ್ಕ ಹಾಕಿ ನೋಡೋಣ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುತ್ತವೆ. ಟೆಕ್ಕೆನ್‌ನ ವೇಗದ ಗುದ್ದು 10 ಫ್ರೇಮ್‌ಗಳಲ್ಲಿ, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಬಂದು ಬೀಳುತ್ತದೆ. ಕಣ್ಣು ಕಂಡಿದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡ್, ಎಂದರೆ 15 ಫ್ರೇಮ್ ಬೇಕು. ನೋಡಿ ತಡೆಯೋಣ ಎನ್ನುವಷ್ಟರಲ್ಲಿ ಏಟು ಬಿದ್ದಾಗಿರುತ್ತದೆ! ಹಾಗಾಗಿ ಏಟು ಹೊರಡುವ ಮುನ್ನವೇ ತೀರ್ಮಾನಿಸಬೇಕು. ನಿಂತು ತಡೆದರೆ ಕಾಲಿಗೆ ಬರುವ ಏಟು ತಗಲುತ್ತದೆ, ಕೂತು ತಡೆದರೆ ನಡುಮಟ್ಟದ ಏಟು. ಯಾವುದು ಬರುತ್ತದೆ?

ಹೊಸಬ ನಾಣ್ಯ ಚಿಮ್ಮಿದಂತೆ ಒಮ್ಮೆ ಕೂರುತ್ತಾನೆ, ಒಮ್ಮೆ ನಿಲ್ಲುತ್ತಾನೆ. ಪಳಗಿದವನು ಎದುರಾಳಿಯನ್ನು ಓದುತ್ತಾನೆ. ಗೋಡೆಗೆ ಒತ್ತಿದಾಗಲೆಲ್ಲ ಇವನು ಕಾಲಿಗೇ ಹೊಡೆಯುತ್ತಾನಲ್ಲ? ಲೈಫ್ ಕಡಿಮೆಯಾದಾಗ ಪಟ್ಟು ಹಾಕಲು ನುಗ್ಗುತ್ತಾನಲ್ಲ? ಇದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ: ತಪ್ಪಿದರೆ ಎಷ್ಟು ನಷ್ಟ? ನಡುಮಟ್ಟದ ಕೆಲವು ಏಟುಗಳು ನಮ್ಮನ್ನು ಗಾಳಿಗೆ ಎತ್ತಿ, ಸಾಲುಸಾಲು ಪೆಟ್ಟಿಗೆ ದಾರಿ ಮಾಡುತ್ತವೆ. ಕಾಲಿನ ಏಟು ಸಾಮಾನ್ಯವಾಗಿ ಸಣ್ಣದು. ಅದಕ್ಕೇ ಸುಳಿವಿಲ್ಲದಾಗ ಅನುಭವಿಗಳು ನಿಂತೇ ತಡೆಯುತ್ತಾರೆ. ಸಣ್ಣ ಏಟು ತಿಂದರೂ ಸರಿ, ದೊಡ್ಡದರಿಂದ ಪಾರಾಗುತ್ತಾರೆ. ಇದು ಅಂದಾಜು.

ಇದಕ್ಕೆ ಜಗತ್ತೇ ಮೆಚ್ಚಿದ ಉದಾಹರಣೆ ಇದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಇವೊ ಟೂರ್ನಿಯಲ್ಲಿ ಜಪಾನಿನ ಡೈಗೊ ಉಮೆಹರ ಅವರಿಗೆ ಅಮೆರಿಕದ ಜಸ್ಟಿನ್ ವಾಂಗ್ ಎದುರಾಳಿ. ಡೈಗೊ ಪಾತ್ರಕ್ಕೆ ಉಳಿದಿದ್ದ ಲೈಫ್ ಎಷ್ಟು ಕಡಿಮೆ ಎಂದರೆ, ವಿಶೇಷ ಏಟನ್ನು ಮಾಮೂಲಿಯಾಗಿ ತಡೆದರೂ ಸೋರುವ ಚೂರು ಹಾನಿಗೇ ಸೋಲು. ಉಳಿದ ದಾರಿ ‘ಪ್ಯಾರಿ’: ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಅದರತ್ತಲೇ ಒತ್ತುವುದು. ಜಸ್ಟಿನ್ ಯಾವಾಗ ಹೊಡೆಯುತ್ತಾರೆ ಎಂದು ಮೊದಲೇ ಗ್ರಹಿಸಿದ ಡೈಗೊ ಒಂದಾದ ಮೇಲೊಂದರಂತೆ ಅಷ್ಟೂ ಏಟುಗಳನ್ನು ಪ್ಯಾರಿ ಮಾಡಿ, ತಿರುಗಿ ಹೊಡೆದು ಗೆದ್ದರು. ಆದರೆ ಫೈನಲ್‌ನಲ್ಲಿ ಕೆಂಜಿ ಒಬಾಟಾ ಅವರಿಗೆ ಸೋತರು. ಒಳ್ಳೆಯ ಅಂದಾಜು ಎಂದರೆ ಗೆಲುವಿನ ಗ್ಯಾರಂಟಿಯಲ್ಲ ಎಂಬುದನ್ನೂ ಇದೇ ಟೂರ್ನಿ ಹೇಳುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೇ ಬನ್ನಿ. ರೀಲರ್ ಒಬ್ಬರು ಲಾಟ್ ಮುಂದೆ ನಿಂತು, ಹಿಡಿ ಗೂಡು ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಕಿಲೊ ನೂಲಿಗೆ ಎಷ್ಟು ಕಿಲೊ ಗೂಡು ಬೇಕಾದೀತು ಎಂದು ಮನಸ್ಸಲ್ಲೇ ಲೆಕ್ಕ ಹಾಕಿ ಹರಾಜಿನಲ್ಲಿ ಬೆಲೆ ಹಾಕುತ್ತಾರೆ. ಗೂಡಿನೊಳಗೆ ಏನಿದೆ ಎಂದು ಅವರಿಗೂ ಕಾಣುವುದಿಲ್ಲ. ಆದರೂ ಅದನ್ನು ಯಾರೂ ‘ಲಕ್’ ಎನ್ನುವುದಿಲ್ಲವಲ್ಲ!

ಈ ವ್ಯತ್ಯಾಸ ಆಟಕ್ಕಷ್ಟೇ ಮೀಸಲಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ, ಯಾವ ಮಾಡ್ಯೂಲ್‌ನಿಂದ ಏನು ಪದೇ ಪದೇ ಬರುತ್ತದೆ ಎಂದು ಗುರುತಿಸಿ ಓದುವವನದು ಅಂದಾಜು. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ‘ಇಂಪಾರ್ಟೆಂಟ್’ ನಂಬಿ ಎರಡು ಮಾಡ್ಯೂಲ್ ಕೈಬಿಡುವವನದು ಕತ್ತಲಲ್ಲಿ ಕಲ್ಲು ಹೊಡೆಯುವ ಕೆಲಸ.

ಇನ್ನೂ ಅಪಾಯಕಾರಿ ಎಂದರೆ, ಊಹೆಗೆ ಕೌಶಲದ ವೇಷ ಹಾಕುವುದು. ‘ಪ್ರೆಡಿಕ್ಟ್ ಮಾಡಿ, ಗೆಲ್ಲಿ’ ಎನ್ನುವ ಆ್ಯಪ್‌ಗಳಲ್ಲಿ ಮುಂದಿನ ಬಾಲ್ ಸಿಕ್ಸರ್ರೋ ಡಾಟ್ ಬಾಲೋ ಎಂದು ಫೀಸಿನ ದುಡ್ಡು ಕಟ್ಟುವವನು ತನ್ನನ್ನು ಆಟಗಾರ ಎಂದುಕೊಳ್ಳುತ್ತಾನೆ. ಕೌಶಲ ಯಾವುದು, ಜೂಜು ಯಾವುದು ಎಂಬ ಪ್ರಶ್ನೆ ನ್ಯಾಯಾಲಯವನ್ನೂ ತಲುಪಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2021ರಲ್ಲಿ ರಾಜ್ಯ ಸರ್ಕಾರ ಹೇರಿದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರಲ್ಲಿ ಬಂದ ಕೇಂದ್ರದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿತು. ಕಾನೂನು ಗೆರೆ ಎಳೆಯಬಹುದು. ಆದರೆ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಮೊಬೈಲ್ ಹಿಡಿದಾಗ ಆ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು.

ಅದಕ್ಕೆ ಮೂರು ಪ್ರಶ್ನೆ ಸಾಕು. ನಾನು ಯಾವ ಸುಳಿವು ನೋಡಿ ಹೀಗೆ ತೀರ್ಮಾನಿಸಿದೆ? ತಪ್ಪಿದರೆ ಆಗುವ ನಷ್ಟವನ್ನು ತಾಳಿಕೊಳ್ಳಬಲ್ಲೆನೇ? ತಪ್ಪಿದ ಮೇಲೆ ಮುಂದಿನ ಸಲ ಏನನ್ನು ಬದಲಿಸುತ್ತೇನೆ? ಮೂರಕ್ಕೂ ಉತ್ತರವಿದ್ದರೆ ಅದು ಅಂದಾಜು, ಧೈರ್ಯವಾಗಿ ಬಟನ್ ಒತ್ತಿ. ಒಂದಕ್ಕೂ ಉತ್ತರವಿಲ್ಲದಿದ್ದರೆ ಸುಮ್ಮನೆ ನಿಂತು ತಡೆಯಿರಿ, ಅದರಲ್ಲಿ ಅವಮಾನವೇನಿಲ್ಲ.