ಒಂದೇ ಸ್ಕ್ಯಾನ್‌ನಲ್ಲಿ ಹೃದಯಾಘಾತ ಮೊದಲೇ ಗೊತ್ತಾಗುತ್ತದೆಯೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗಾಗಿ ಜನ ಮುಗಿಬಿದ್ದಿದ್ದರು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಬಂದಾಗಲೂ ಹೀಗೇ ಆಯಿತು. ಇಂಥ ಹೊತ್ತಿನಲ್ಲಿ ವಾಟ್ಸಾಪ್‌ನಲ್ಲಿ ಒಂದು ಮಾತು ಹರಿದಾಡುತ್ತದೆ: “ಒಂದು ಸಿಟಿ ಸ್ಕ್ಯಾನ್ ಮಾಡಿಸಿ, ಹಾರ್ಟ್ ಅಟ್ಯಾಕ್ ಆಗುತ್ತೋ ಇಲ್ಲವೋ ಗೊತ್ತಾಗುತ್ತೆ.” ಇದು ಎಷ್ಟು ನಿಜ?

ಸ್ಕ್ಯಾನ್‌ನಲ್ಲಿ ಏನು ಕಾಣುತ್ತದೆ?

ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಯಲ್ಲಿ ಕೊಬ್ಬು, ಕ್ಯಾಲ್ಸಿಯಂ ಮುಂತಾದವು ಸೇರಿಕೊಳ್ಳುವುದನ್ನು ವೈದ್ಯರು ಪ್ಲಾಕ್ ಎನ್ನುತ್ತಾರೆ. ಇಲ್ಲಿ ಪ್ರಶ್ನೆಗಳು ಎರಡು. ಪ್ಲಾಕ್ ಇದೆಯೇ? ಅದರಿಂದ ರಕ್ತದ ಹರಿವು ಕಡಿಮೆಯಾಗಿದೆಯೇ?

ಕ್ಯಾಲ್ಸಿಯಂ ಸ್ಕೋರ್ ಸ್ಕ್ಯಾನ್‌ಗೆ ಇಂಜೆಕ್ಷನ್ ಬೇಕಿಲ್ಲ. ಇದು ಗಟ್ಟಿಯಾದ ಪ್ಲಾಕನ್ನು ಮಾತ್ರ ಅಳೆಯುತ್ತದೆ. ಸ್ಕೋರ್ 0 ಬಂದರೆ ಒಳ್ಳೆಯ ಸುದ್ದಿಯೇ, ಆದರೆ ಗ್ಯಾರಂಟಿಯಲ್ಲ. ಇನ್ನೂ ಗಟ್ಟಿಯಾಗದ ಮೆದು ಪ್ಲಾಕ್ ಇದರಲ್ಲಿ ಕಾಣುವುದಿಲ್ಲ.

ಸಿಟಿ ಆಂಜಿಯೋಗ್ರಾಮ್‌ನಲ್ಲಿ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಡೈ ಕೊಡುತ್ತಾರೆ. ಮೆದು ಪ್ಲಾಕ್ ಮತ್ತು ನಾಳ ಕಿರಿದಾದ ಜಾಗ ಎರಡೂ ಕಾಣುತ್ತವೆ. ಕಿಡ್ನಿ ತೊಂದರೆ ಅಥವಾ ಡೈ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು.

ಬ್ಲಾಕ್ ಇದ್ದರೆ ಸ್ಟೆಂಟ್ ಬೇಕೇ ಬೇಕೇ?

ಇಲ್ಲ. ‘ಇಷ್ಟು ಪರ್ಸೆಂಟ್ ಬ್ಲಾಕ್’ ಎಂಬುದು ನಾಳ ಎಷ್ಟು ಕಿರಿದಾಗಿದೆ ಎಂದಷ್ಟೇ ಹೇಳುತ್ತದೆ. ಹರಿವು ತಿಳಿಯಲು ಎಫ್‌ಎಫ್‌ಆರ್ ಎಂಬ ಅಳತೆಯಿದೆ. ಕಿರಿದಾದ ಜಾಗ ದಾಟಿದ ಮೇಲೆ ರಕ್ತದ ಒತ್ತಡ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ಅಡ್ಡಿಯಿಲ್ಲದಿದ್ದರೆ 1, 0.80 ಅಥವಾ ಅದಕ್ಕಿಂತ ಕಡಿಮೆಯಾದರೆ ಹರಿವಿಗೆ ತೊಂದರೆಯಿದೆ ಎಂದರ್ಥ. ಇದನ್ನು ನಾಳದೊಳಗೆ ತೆಳು ತಂತಿ ತೂರಿಸಿ ಅಳೆಯುತ್ತಾರೆ. ಈಗ ಸಿಟಿ ಚಿತ್ರಗಳಿಂದಲೇ ಕಂಪ್ಯೂಟರ್ ಮೂಲಕ ಲೆಕ್ಕ ಹಾಕುವ ವಿಧಾನವೂ ಬಂದಿದೆ.

ಹಾಗಾದರೆ ಸ್ಕ್ಯಾನ್‌ನಿಂದ ಲಾಭವಿಲ್ಲವೇ?

ಇದೆ, ಸರಿಯಾದವರಿಗೆ. ಸ್ಕಾಟ್ಲೆಂಡ್‌ನಲ್ಲಿ ಎದೆನೋವಿಗೆ ತೋರಿಸಿಕೊಂಡ 4,146 ಜನರ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಐದು ವರ್ಷಗಳಲ್ಲಿ ಹೃದಯಾಘಾತವಾದವರು ಅಥವಾ ಹೃದಯನಾಳದ ಕಾಯಿಲೆಯಿಂದ ತೀರಿಕೊಂಡವರು ಸಿಟಿ ಆಂಜಿಯೋಗ್ರಾಮ್ ಗುಂಪಿನಲ್ಲಿ ಶೇ. 2.3, ಮಾಮೂಲಿ ತಪಾಸಣೆಯ ಗುಂಪಿನಲ್ಲಿ ಶೇ. 3.9. ಆದರೆ ಸ್ಟೆಂಟ್, ಬೈಪಾಸ್ ಮಾಡಿಸಿಕೊಂಡವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಸ್ಕ್ಯಾನ್ ಗುಂಪಿನಲ್ಲಿ ಹೆಚ್ಚು ಜನರಿಗೆ ಕೊಲೆಸ್ಟ್ರಾಲ್ ಇಳಿಸುವಂಥ ಮಾತ್ರೆಗಳು ಶುರುವಾಗಿದ್ದವು. ಅಂದರೆ ಸ್ಕ್ಯಾನ್ ತಾನಾಗಿ ಕಾಪಾಡುವುದಿಲ್ಲ; ಅದನ್ನು ನೋಡಿ ಶುರುವಾಗುವ ಚಿಕಿತ್ಸೆ ಕಾಪಾಡುತ್ತದೆ.

ಇನ್ನೊಂದು ವಿಷಯ. ನಾಳವನ್ನು ಅಷ್ಟೇನೂ ಮುಚ್ಚದ ಪ್ಲಾಕ್ ಕೂಡ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ಅದು ಯಾವ ದಿನ ಒಡೆಯುತ್ತದೆ ಎಂದು ಯಾವ ಸ್ಕ್ಯಾನೂ ಹೇಳದು.

ಫಾರ್ವರ್ಡ್ ಮಾಡುವ ಮುನ್ನ

ಎದೆನೋವು, ಏದುಸಿರು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಕಂಡರೆ ಸ್ಕ್ಯಾನ್ ಸೆಂಟರ್ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ತೊಂದರೆ ಇಲ್ಲದವರು ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ, ತಂಬಾಕು ಬಿಡಿ. ಸ್ಕ್ಯಾನ್ ಬೇಕೇ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರು ಹೇಳಲಿ, ವಾಟ್ಸಾಪ್ ಅಲ್ಲ.