ಅಧ್ಯಾಪಕ ತರಬೇತಿಯೂ ಯಂತ್ರದ ಕನ್ನಡವೂ

ಅಧ್ಯಾಪಕ ತರಬೇತಿ ಪಡೆಯುತ್ತಿರುವ ಯುವಕ ಯುವತಿಯರು ಬೋಧನಾಭ್ಯಾಸಕ್ಕೆಂದು ನಮ್ಮ ಜಿಲ್ಲೆಯ ಶಾಲೆಗಳಿಗೆ ಬರುವುದು ಹೊಸ ಸಂಗತಿಯೇನಲ್ಲ. ಹಿಂದಿನವರು ಸುರುಳಿ ಸುತ್ತಿದ ಚಾರ್ಟು, ಫ್ಲಾನೆಲ್ ಹಲಗೆ, ರಟ್ಟಿನಲ್ಲಿ ಕತ್ತರಿಸಿದ ಚಿತ್ರಗಳನ್ನು ಹೊತ್ತು ಬರುತ್ತಿದ್ದರು. ಇಂದಿನವರ ಚೀಲದಲ್ಲಿ ಲ್ಯಾಪ್‌ಟಾಪು ಇದೆ. ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬೀಳುತ್ತಿದೆ. ಕಾಲಕ್ಕೆ ತಕ್ಕ ಈ ಬದಲಾವಣೆಯನ್ನು ಯಾರೂ ಬೇಡವೆನ್ನಲಾರರು. ಆದರೆ ಕನ್ನಡ ಮಾಧ್ಯಮದಲ್ಲಿ ಕಲಿಸಲು ಹೊರಟವರಿಗೆ ಈ ಉಪಕರಣಗಳ ಬಳಕೆಯನ್ನು ಯಾವ ಭಾಷೆಯಲ್ಲಿ, ಯಾವ ಸಾಮಗ್ರಿಯಿಂದ ಹೇಳಿಕೊಡಲಾಗುತ್ತಿದೆ ಎಂಬ ಪ್ರಶ್ನೆಯನ್ನು ಗಡಿನಾಡಿನ ಕನ್ನಡಿಗರಾದ ನಾವು ಇನ್ನೂ ಗಂಭೀರವಾಗಿ ಕೇಳಿದಂತಿಲ್ಲ.

ಈ ಕ್ಷೇತ್ರದಲ್ಲಿ ಕೇರಳ ಸರಕಾರ ಮಾಡಿದ ಕೆಲಸವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. 2001ರಲ್ಲಿ 'ಐ.ಟಿ. ಅಟ್ ಸ್ಕೂಲ್' ಎಂಬ ಹೆಸರಿನಲ್ಲಿ ಆರಂಭವಾದ ಯೋಜನೆ 2017ರಲ್ಲಿ 'ಕೈಟ್' ಎಂಬ ಸರಕಾರಿ ಕಂಪೆನಿಯಾಯಿತು. 2018ರಲ್ಲಿ ತೊಡಗಿದ ಹೈಟೆಕ್ ಯೋಜನೆಯಂತೆ 4,752 ಶಾಲೆಗಳ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳು ಬಂದುವು. ಕೊರೋನಾ ಕಾಲದಲ್ಲಿ, 2020ರ ಜೂನ್ 1ರಂದು 'ಫಸ್ಟ್ ಬೆಲ್' ತರಗತಿಗಳು ಪ್ರಾರಂಭವಾದಾಗ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ತಯಾರಾದುವು. ಅವುಗಳ ಹಿಂದೆ ನಮ್ಮವರೇ ಆದ ಅಧ್ಯಾಪಕರ ದುಡಿಮೆಯಿತ್ತು. ಮಾಹಿತಿ ತಂತ್ರಜ್ಞಾನದ ಪಾಠಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜತೆ ಕನ್ನಡದಲ್ಲಿಯೂ ಮುದ್ರಣವಾಗುತ್ತಿವೆ. 2024ರ ಮೇ ತಿಂಗಳಿಂದ ರಾಜ್ಯದ 80,000 ಅಧ್ಯಾಪಕರಿಗೆ ಕೃತಕ ಬುದ್ಧಿಮತ್ತೆಯ ಬಗ್ಗೆ ತರಬೇತಿ ನೀಡುವ ಕಾರ್ಯವನ್ನೂ ಕೈಗೆತ್ತಿಕೊಳ್ಳಲಾಯಿತು. ಇವೆಲ್ಲ ಶ್ಲಾಘನೀಯ. ಎಷ್ಟೋ ರಾಜ್ಯಗಳ ಅಧ್ಯಾಪಕರಿಗೆ ದೊರೆಯದ ಸೌಕರ್ಯ ನಮ್ಮ ಅಧ್ಯಾಪಕರಿಗೆ ದೊರೆತಿದೆ.

ತೊಡಕು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ತರಬೇತಿಯ ಕಮ್ಮಟಗಳಲ್ಲಿ ವಿವರಣೆ ಸಾಮಾನ್ಯವಾಗಿ ಮಲಯಾಳದಲ್ಲಿ ನಡೆಯುತ್ತದೆ, ಕೈಪಿಡಿ ಮಲಯಾಳದಲ್ಲಿರುತ್ತದೆ, ಮಾದರಿ ಪಾಠವೂ ಮಲಯಾಳದ್ದೇ. ಅಧ್ಯಾಪಕರಿಗೆಂದು ಕೈಟ್ ರೂಪಿಸಿದ 'ಸಮಗ್ರ' ಎಂಬ ಜಾಲತಾಣದಲ್ಲಿ ಮಲಯಾಳ ಮಾಧ್ಯಮದವರಿಗೆ ದೊರೆಯುವಷ್ಟು ಸಾಮಗ್ರಿ ಕನ್ನಡದವರಿಗೆ ದೊರೆಯುವುದಿಲ್ಲ. ಪೈವಳಿಕೆಯಲ್ಲಿಯೋ ಎಣ್ಮಕಜೆಯಲ್ಲಿಯೋ ಹುಟ್ಟಿ, ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳಿಗೆ ಪೇಟೆಯ ವ್ಯವಹಾರಕ್ಕೆ ಬೇಕಾದ ಮಲಯಾಳ ಬಾರದೆಂದಲ್ಲ. ಆದರೆ ವಿಜ್ಞಾನದ ಪಾಠವೊಂದನ್ನು ಯಂತ್ರದ ಮೂಲಕ ಹೇಗೆ ನಿರೂಪಿಸಬೇಕೆಂಬುದನ್ನು ಇನ್ನೊಂದು ಭಾಷೆಯಲ್ಲಿ ಕೇಳಿ, ಮನೆಗೆ ಹೋಗಿ ರಾತ್ರಿ ಕುಳಿತು ಕನ್ನಡಕ್ಕೆ ತಿರುಗಿಸಿ, ಮರುದಿನ ತರಗತಿಗೆ ಒಯ್ಯುವುದೆಂದರೆ ಎರಡು ಪಾಲು ಕೆಲಸ. ಮಲಯಾಳ ಮಾಧ್ಯಮದ ಸಹಪಾಠಿಗೆ ಒಂದು ಗಂಟೆಯಲ್ಲಿ ಮುಗಿಯುವ ತಯಾರಿಗೆ ಈಕೆ ಒಂದು ಸಂಜೆಯನ್ನೇ ಕೊಡಬೇಕಾಗುತ್ತದೆ.

ಕನ್ನಡದ ಸಾಮಗ್ರಿ ಕರ್ನಾಟಕದಿಂದ ಸಿಗಲಾರದೇ ಎಂದು ಕೆಲವರು ಕೇಳಬಹುದು. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ದೀಕ್ಷಾ'ದಲ್ಲಿ ಕನ್ನಡದ ಸಾಮಗ್ರಿ ಇದೆ. ಆದರೆ ಅದು ಕರ್ನಾಟಕದ ಪಾಠಪುಸ್ತಕಗಳಿಗೆ ಹೊಂದಿಕೊಂಡದ್ದು. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಕ್ರಮವನ್ನು, ಅದರ ಕನ್ನಡ ಅನುವಾದದಲ್ಲಿ. ಪಾಠದ ಕ್ರಮ ಬೇರೆ, ಚಟುವಟಿಕೆ ಬೇರೆ, ಎಷ್ಟೋ ಕಡೆ ಪಾರಿಭಾಷಿಕ ಪದಗಳೂ ಬೇರೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಪಾಠಕ್ಕೆ ಹೊಂದುವುದು ಮಲಯಾಳದಲ್ಲಿದೆ. ಕನ್ನಡದಲ್ಲಿರುವುದು ಪಾಠಕ್ಕೆ ಹೊಂದುವುದಿಲ್ಲ. ಆದುದರಿಂದ ಕಾಸರಗೋಡಿನ ಕನ್ನಡ ಅಧ್ಯಾಪಕರು ಬೇರೆಯವರು ಮಾಡಿಟ್ಟದ್ದನ್ನು ತೋರಿಸಿ ಮುಗಿಸುವಂತಿಲ್ಲ. ತಮಗೆ ಬೇಕಾದುದನ್ನು ತಾವೇ ರಚಿಸಬೇಕು. ಈ ಸಾಮರ್ಥ್ಯ ಇತರರಿಗೆ ಭೂಷಣವಾದರೆ ನಮ್ಮವರಿಗೆ ಅನಿವಾರ್ಯ.

ರಚಿಸಬೇಕಾದರೆ ಮೊದಲು ಬರೆಯಲು ಬರಬೇಕು. ಇಲ್ಲಿಯೇ ಮೊದಲ ಎಡವು. ಕನ್ನಡ ಟೈಪಿಂಗ್ ಬಲ್ಲ ಅಭ್ಯರ್ಥಿಗಳಲ್ಲಿ ಹಲವರು ಅದನ್ನು ಕಲಿತದ್ದು ಪೇಟೆಯ ಡಿ.ಟಿ.ಪಿ. ಕೇಂದ್ರಗಳಲ್ಲಿ, ವಿಂಡೋಸ್ ಯಂತ್ರದಲ್ಲಿ, ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಮೂಲಕ. ಶಾಲೆಯಲ್ಲಿರುವುದು ಕೈಟ್ ಒದಗಿಸಿದ ಲಿನಕ್ಸ್. ಮನೆಯಲ್ಲಿ ಅಂದವಾಗಿ ಬರೆದು ತಂದ ಪಾಠ ಶಾಲೆಯ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಯಂತ್ರದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತಿತ್ತು, ಅಷ್ಟೆ. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಇರುವುದರಿಂದ ಈ ತೊಂದರೆ ಇಲ್ಲ. ಅದರಲ್ಲಿ ಬರೆದುದು ಯಾವ ಯಂತ್ರದಲ್ಲಿಯೂ, ಮೊಬೈಲಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಇಷ್ಟು ಮಾತನ್ನು ಕನ್ನಡದಲ್ಲಿ ಹತ್ತು ನಿಮಿಷ ಹೇಳಿಕೊಟ್ಟರೆ ಎಷ್ಟೋ ಅಭ್ಯರ್ಥಿಗಳ ಹಲವು ರಾತ್ರಿಗಳ ಶ್ರಮ ಉಳಿದೀತು.

ನುಡಿಯ ಕೀಲಿಮಣೆಗೆ ಬೆರಳು ಒಗ್ಗಿದವರು ಅದನ್ನು ಬಿಡಬೇಕಾಗಿಯೂ ಇಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸವೇ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಸೇರಿದೆ. ಹೊಸದಾಗಿ ಕಲಿಯುವವರಿಗಾದರೋ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ನಮ್ಮ ಜಿಲ್ಲೆಗೆ ವಿಶೇಷವಾಗಿ ಒಪ್ಪುವ ಗುಣವೊಂದಿದೆ. ಭಾರತೀಯ ಭಾಷೆಗಳೆಲ್ಲಕ್ಕೂ ಅದು ಒಂದೇ ಅಚ್ಚು. ಸುಮಾರಾಗಿ ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಇಂಗ್ಲಿಷಿನ ಕೆ, ಎನ್, ಎಫ್ ಕೀಲಿಗಳನ್ನು ಅನುಕ್ರಮವಾಗಿ ಒತ್ತಿದರೆ ಕನ್ನಡದಲ್ಲಿ 'ಕಲಿ' ಎಂದು ಮೂಡುತ್ತದೆ. ಭಾಷೆಯನ್ನು ಮಲಯಾಳಕ್ಕೆ ಬದಲಾಯಿಸಿ ಅದೇ ಕೀಲಿಗಳನ್ನು ಒತ್ತಿದರೆ ಅದೇ ಉಚ್ಚಾರ ಮಲಯಾಳ ಲಿಪಿಯಲ್ಲಿ ಮೂಡುತ್ತದೆ. ಕೇರಳದ ಶಾಲೆಗಳಲ್ಲಿ ಮಲಯಾಳ ಟೈಪಿಂಗಿಗೆ ಬಳಕೆಯಾಗುವುದೂ ಇದೇ. ಕನ್ನಡವನ್ನು ಕಲಿತ ಬೆರಳಿಗೆ ರಾಜ್ಯದ ಭಾಷೆಯೂ ಜತೆಯಲ್ಲಿಯೇ ಒಲಿಯುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದಕ್ಕಿಂತ ಅನುಕೂಲವಾದ ಸಾಧನ ಯಾವುದಿದೆ?

ಕನ್ನಡ ಪತ್ರಿಕೆಗಳೂ ಈ ಹಾದಿಯಲ್ಲಿ ನಡೆದು ಬಂದಿವೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದ ಕಾಲದಲ್ಲಿ ಯಾವ ಒತ್ತಕ್ಷರ ಯಾವ ಮನೆಯಲ್ಲಿದೆ ಎಂಬುದು ಕಂಪೋಸಿಟರನ ಕೈಗೆ ರೂಢಿಯಾಗಲು ತಿಂಗಳುಗಳೇ ಹಿಡಿಯುತ್ತಿದ್ದುವು. ಯಾರೂ ಅದನ್ನು ಮೂರು ದಿನಗಳ ಕಮ್ಮಟದಲ್ಲಿ ಕಲಿತವರಲ್ಲ. ಡಿ.ಎಲ್.ಎಡ್. ತರಬೇತಿಗೆ ಎರಡು ವರ್ಷ, ನಾಲ್ಕು ಸೆಮಿಸ್ಟರುಗಳಿವೆ. ಮೊದಲ ಸೆಮಿಸ್ಟರಿನಿಂದಲೇ ವಾರಕ್ಕೆ ಒಂದೆರಡು ಗಂಟೆ ಕನ್ನಡ ಕೀಲಿಮಣೆಗೆ ಮೀಸಲಿಟ್ಟರೆ, ಬೋಧನಾಭ್ಯಾಸಕ್ಕೆ ಹೋಗುವ ಹೊತ್ತಿಗೆ ಕೈ ಪಳಗಿರುತ್ತದೆ.

ಬರೆಯಲು ಬಂದ ಮೇಲೆ ಏನು ಮಾಡಬೇಕೆಂಬುದು ಮುಖ್ಯವಾದ ಮಾತು. ಯಾರೋ ತಯಾರಿಸಿದ ವೀಡಿಯೋವನ್ನು ಹಾಕಿ ಅಧ್ಯಾಪಕರು ಬದಿಗೆ ಸರಿದು ನಿಲ್ಲುವುದು ಪಾಠವಾಗದು. ಮನೆಯಲ್ಲಿ ತುಳು ಅಥವಾ ಬ್ಯಾರಿ ಆಡುವ ಮಗುವಿಗೆ ಗ್ರಂಥಸ್ಥ ಕನ್ನಡದ ಉಚ್ಚಾರವನ್ನು ತಾನೇ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಬಹುದು. ಮಗು ಓದಿದ್ದನ್ನು ಮುದ್ರಿಸಿ ಒಂದು ತಿಂಗಳ ಅನಂತರ ಅದಕ್ಕೇ ಕೇಳಿಸಿದರೆ ತನ್ನ ಪ್ರಗತಿ ಅದಕ್ಕೆ ತಿಳಿಯುತ್ತದೆ. ಸಮಾಜ ಪಾಠದಲ್ಲಿ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ಭೂಪಟವನ್ನು ತೆರೆದು ಚಂದ್ರಗಿರಿ ಹೊಳೆಯ ಹರಿವನ್ನು ತೋರಿಸಬಹುದು. ಆ ಭೂಪಟದಲ್ಲಿ ಯಾವ ಊರಿನ ಹೆಸರನ್ನೂ ಕನ್ನಡದಲ್ಲಿ ಸೇರಿಸಲು ಅವಕಾಶವಿದೆ. ಊರ ಹೆಸರುಗಳು ಬದಲಾಗುತ್ತಿವೆ ಎಂದು ಕಾಸರಗೋಡಿನಲ್ಲಿ ನಾವು ಆಗಾಗ ಕಳವಳಪಡುತ್ತೇವೆ. ತಮ್ಮ ಊರು, ಕೆರೆ, ತೋಡು, ಪದವುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ತಿಳಿದು ಮಕ್ಕಳೇ ಭೂಪಟದಲ್ಲಿ ದಾಖಲಿಸಿದರೆ ಅದು ಭೂಗೋಳದ ಪಾಠವೂ ಆಯಿತು, ಊರಿನ ಸೇವೆಯೂ ಆಯಿತು. ಮಳೆಗಾಲದಲ್ಲಿ ವಿದ್ಯುತ್ತು ಯಾವಾಗ ಹೋದೀತೆಂದು ಹೇಳಲಾಗದ ಗುಡ್ಡಗಾಡಿನ ಶಾಲೆಗಳಲ್ಲಿ ಸೀಮೆಸುಣ್ಣ, ಕರಿಹಲಗೆಗಳ ಪಾಠವೂ ಸಿದ್ಧವಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆಯ ಬಗೆಗೂ ಎಚ್ಚರದ ಮಾತೊಂದು ಬೇಕು. ಕೇಳಿದೊಡನೆ ಯಂತ್ರ ಕನ್ನಡದಲ್ಲಿ ಪಾಠ ಟಿಪ್ಪಣಿ ಬರೆದುಕೊಡುತ್ತದೆ. ವೇಳೆ ಉಳಿಯುತ್ತದೆ, ನಿಜ. ಆದರೆ ಆ ಕನ್ನಡದಲ್ಲಿ ಇಂಗ್ಲಿಷಿನ ವಾಕ್ಯರಚನೆ ಇಣುಕುತ್ತಿರುತ್ತದೆ. ನಮ್ಮ ಪಾಠಪುಸ್ತಕದ ಪದಕ್ಕೆ ಬದಲಾಗಿ ಬೇರೊಂದು ಪದ ಬಂದಿರುತ್ತದೆ. ಸ್ಥಳೀಯ ಚರಿತ್ರೆಯ ವಿಷಯದಲ್ಲಿ ತಪ್ಪನ್ನೂ ಧೈರ್ಯದಿಂದಲೇ ಹೇಳುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲ ಅಧ್ಯಾಪಕರಿಗೆ ಅದು ಒಳ್ಳೆಯ ಸಹಾಯಕ. ಭಾಷೆಯ ಹಿಡಿತವಿಲ್ಲದವರಿಗೆ ತಪ್ಪು ದಾರಿ ತೋರುವ ಮಾರ್ಗದರ್ಶಿ. ಯಂತ್ರ ಬೆಳೆದಷ್ಟೂ ಅಧ್ಯಾಪಕರ ಭಾಷಾಜ್ಞಾನವೂ ಬೆಳೆಯಬೇಕಾಗಿದೆ. ಕನ್ನಡ ತಿಳಿಯದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸುವ ಕ್ರಮವನ್ನು ನಾವು ವಿರೋಧಿಸುತ್ತ ಬಂದಿರುವುದಕ್ಕೆ ಇದೀಗ ಮತ್ತೊಂದು ಬಲವಾದ ಕಾರಣ ಸೇರಿದೆ. ಯಂತ್ರ ಅನುವಾದ ಮಾಡೀತು, ಅಧ್ಯಾಪಕರಿಗೆ ಕನ್ನಡ ಬಾರದಿದ್ದರೂ ನಡೆದೀತು ಎಂಬ ವಾದ ನಾಳೆ ಕೇಳಿ ಬಂದರೆ ಆಶ್ಚರ್ಯವಿಲ್ಲ. ಅದನ್ನು ಈಗಲೇ ತಡೆಯಬೇಕು. ಅಳುವ ಮಗುವನ್ನು ಅದರ ಭಾಷೆಯಲ್ಲಿ ಸಮಾಧಾನಪಡಿಸಲು ಅನುವಾದ ಯಂತ್ರ ಸಾಲದು.

ಇದು ಕೇವಲ ಅನುಕೂಲದ ಪ್ರಶ್ನೆಯೆಂದು ಯಾರೂ ಭಾವಿಸದಿರಲಿ. ಪ್ರತಿ ವರ್ಷ ಶಾಲೆ ಆರಂಭವಾದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಡಿವಿಷನ್ ಉಳಿಯುವುದೂ ಅಧ್ಯಾಪಕರ ಹುದ್ದೆ ಉಳಿಯುವುದೂ ಆ ಲೆಕ್ಕದ ಮೇಲೆ. ಪಕ್ಕದ ಕೋಣೆಯ ಮಲಯಾಳ ಅಥವಾ ಇಂಗ್ಲಿಷ್ ತರಗತಿಯಲ್ಲಿ ಪರದೆ ಬೆಳಗುತ್ತಿದ್ದು, ಕನ್ನಡ ತರಗತಿಯಲ್ಲಿ ಅದೇ ಪರದೆ ಸಾಮಗ್ರಿಯಿಲ್ಲದೆ ಕಪ್ಪಾಗಿದ್ದರೆ ಹೆತ್ತವರು ಏನೆಂದು ತಿಳಿಯುತ್ತಾರೆ? ಕನ್ನಡ ಹಿಂದುಳಿದವರ ಮಾಧ್ಯಮವೆಂಬ ಭಾವನೆ ಒಮ್ಮೆ ಬೇರೂರಿದರೆ ಯಾವ ಹೋರಾಟವೂ ತರಗತಿಗಳನ್ನು ತುಂಬಿಸಲಾರದು. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಅಂದು ಸೌಕರ್ಯವೆಂದರೆ ಕಟ್ಟಡ, ಪಾಠಪುಸ್ತಕ, ಅಧ್ಯಾಪಕರು. ಇಂದು ಪರದೆಯ ಮೇಲಿನ ಪಾಠವೂ ಅದನ್ನು ರಚಿಸಬಲ್ಲ ಅಧ್ಯಾಪಕರೂ ಆ ಸೌಕರ್ಯದಲ್ಲಿ ಸೇರುತ್ತಾರೆ ಎಂಬುದು ನಮ್ಮ ಅಭಿಮತ.

ಬೇಡಿಕೆ ಸಲ್ಲಿಸಿ ಸುಮ್ಮನೆ ಕುಳಿತುಕೊಳ್ಳುವುದೂ ನಮಗೆ ತಕ್ಕುದಲ್ಲ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡಕ್ಕಾಗಿ ಬೀದಿಗಿಳಿದು ಹೋರಾಡಿದರು. ಜತೆಗೆ ಮಕ್ಕಳಿಗೆ ಬೇಕಾದ ಪಾಠಪುಸ್ತಕಗಳನ್ನೂ ಕುಳಿತು ಬರೆದರು. ಈ ಎರಡು ಬಗೆಯ ಕೆಲಸವೂ ಇಂದಿಗೂ ಬೇಕು. ತರಬೇತಿಯ ಅಭ್ಯರ್ಥಿಗಳು ವರ್ಷಂಪ್ರತಿ ರಚಿಸುವ ಪಾಠಗಳು ಅಂಕ ದೊರೆತ ಮೇಲೆ ಕಪಾಟಿನಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಮಲಗುತ್ತವೆ. ಅವುಗಳಲ್ಲಿ ಉತ್ತಮವಾದುವನ್ನು ಅನುಭವಿಗಳಾದ ಅಧ್ಯಾಪಕರು ತಿದ್ದಿ ಒಂದೆಡೆ ಸಂಗ್ರಹಿಸಿದರೆ ಕೆಲವೇ ವರ್ಷಗಳಲ್ಲಿ ಕನ್ನಡ ಮಾಧ್ಯಮಕ್ಕೊಂದು ಭಂಡಾರವಾದೀತು. ನಿವೃತ್ತರಾದ ಕನ್ನಡ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಸಮಾಜಸೇವೆ ಇರಲಾರದು.

ಅಧಿಕೃತರ ಮುಂದೆ ನಾವಿಡುವ ಮಾತುಗಳು ಕೆಲವೇ. ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೂ ಅಧ್ಯಾಪಕರಿಗೂ ತಂತ್ರಜ್ಞಾನದ ತರಬೇತಿಯನ್ನು ಕನ್ನಡದಲ್ಲಿಯೇ, ಕನ್ನಡ ಬಲ್ಲ ಸಂಪನ್ಮೂಲ ವ್ಯಕ್ತಿಗಳಿಂದ, ಪ್ರತ್ಯೇಕ ತಂಡವಾಗಿ ನಡೆಸಬೇಕು. ಕೈಪಿಡಿಗಳು ಮಲಯಾಳದ ಪ್ರತಿಯೊಡನೆಯೇ ಕನ್ನಡದಲ್ಲಿಯೂ ಹೊರಬರಬೇಕು. 'ಸಮಗ್ರ'ದ ಕನ್ನಡ ವಿಭಾಗವನ್ನು ತುಂಬಿಸಲು ಅಧ್ಯಾಪಕರಿಗೆ ವೇಳೆಯನ್ನೂ ತಕ್ಕ ಸಂಭಾವನೆಯನ್ನೂ ಕೊಡಬೇಕು. ಮಾಯಿಪ್ಪಾಡಿಯ ಡಯಟ್ ಮುಂದಾದರೆ ಇದಕ್ಕೆ ಜಿಲ್ಲೆಯೊಳಗೇ ಸ್ಥಳ ಸಿದ್ಧವಿದೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇಂತಹ ಶಾಶ್ವತ ಕಾರ್ಯದ ಕಡೆ ಗಮನ ಹರಿಸಿದರೆ ಲೇಸು.

ಇದಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಯಂತ್ರಗಳು ಶಾಲೆಗೆ ಬಂದಾಗಿದೆ, ತಂತ್ರಾಂಶಗಳು ಉಚಿತವಾಗಿವೆ, ಕಲಿಯುವ ಉತ್ಸಾಹ ನಮ್ಮ ಯುವಜನರಲ್ಲಿದೆ. ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ಕನ್ನಡದಲ್ಲಿ ಒಂದು ತರಬೇತಿ ತಂಡವಾದರೂ ಆರಂಭವಾಗಲಿ.