‘ಆಂಗ್ರಿ ಆನ್ ಮಿ’ ಅಂದ್ರ ನಗಬೇಕಾ?

ಮೊನ್ನೆ ಮಾಕ್ ಇಂಟರ್‌ವ್ಯೂನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಗೆಳೆಯನೊಬ್ಬ ‘ಸರ್ ವಾಸ್ ಆಂಗ್ರಿ ಆನ್ ಮಿ’ ಅಂದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವೆಲ್ಲ ನಕ್ಕೆವು. ಅವ ಆಮೇಲೆ ಬಾಯೇ ಬಿಡಲಿಲ್ಲ.

ನಿಜವಾಗಿ ಅವ ಎಡವಿದ್ದು ಎಲ್ಲಿ? ‘ನನ್ನ ಮ್ಯಾಲೆ ಸಿಟ್ಟಾದ್ರು’ ಅಂತ ನಾವೂ ಮನೆಯಲ್ಲಿ ಅಂತೀವಿ. ಆ ‘ಮ್ಯಾಲೆ’ನೇ ಅವನ ಬಾಯಲ್ಲಿ ‘ಆನ್’ ಆಯ್ತು. ‘ಗಣಿತದಾಗ ಶಾಣ್ಯಾ’ ಅನ್ನೋದು ‘ಗುಡ್ ಇನ್ ಮ್ಯಾಥ್ಸ್’ ಆಗೋದು, ‘ಅಕಿ ಜೋಡಿ ಮದುವಿ’ ಅನ್ನೋದು ‘ಮ್ಯಾರೀಡ್ ವಿತ್’ ಆಗೋದು ಹಿಂಗ. ಇದು ದಡ್ಡತನ ಅಲ್ಲ, ಒಳಗೆ ಕೂತ ಕನ್ನಡದ ವ್ಯಾಕರಣ.

ಇಂಗ್ಲಿಷಿನ ‘ಆಂಗ್ರಿ ವಿತ್’, ‘ಗುಡ್ ಅಟ್’, ‘ಅಫ್ರೇಡ್ ಆಫ್’, ‘ಮ್ಯಾರೀಡ್ ಟು’ಗಳಿಗೆ ಒಂದೇ ಸೂತ್ರ ಇಲ್ಲ. ಜೋಡಿ ಜೋಡಿಯಾಗೇ ಕಲೀಬೇಕು. ನಮಗೆ ಬರೋದು ಸಣ್ಣವರಿದ್ದಾಗಿಂದ ಕಿವಿಗೆ ಬಿದ್ದದ್ದಕ್ಕ, ಬುದ್ಧಿ ಹೆಚ್ಚಿದ್ದಕ್ಕಲ್ಲ.

ನಮ್ಮ ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜೇ ಇದೆ. ಜರ್ಮನಿಯಿಂದ ಬಂದ ಆ ಪಾದ್ರಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು, 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದರು. ನಮ್ಮ ವಿಭಕ್ತಿಗಳನ್ನ ಹೊರಗಿನವರಾಗಿ ಬಂದು ಕಲಿತವರು ಅವರು. ನಮ್ಮನ್ನ ‘ಚತುರ್ಥಿ ಪ್ರತ್ಯಯ ಯಾವುದು?’ ಅಂತ ಕೇಳಿದ್ರ ಮೊಬೈಲ್ ತೆಗೀತೀವಿ. ಆ ಗೆಳೆಯ ಮಾತ್ರ ‘ಗೆ, ಇಗೆ, ಕ್ಕೆ’ ಅಂತ ಥಟ್ಟನೆ ಹೇಳಿದ.

ತಪ್ಪು ತಿದ್ದಲೇಬೇಕು, ಮುಂದೆ ಕೆಲಸದ ಪ್ರಶ್ನೆ. ಆದ್ರ ನಕ್ಕಲ್ಲ, ಪಕ್ಕಕ್ಕ ಕೂತು. ನಮ್ಮ ಸಂಘದಲ್ಲೇ ಶುರು ಮಾಡೋಣ: ವಾರಕ್ಕೊಂದು ತಾಸು, ನಾವು ಅವರಿಗೆ ಪ್ರಿಪೊಸಿಷನ್, ಅವರು ನಮಗೆ ವಿಭಕ್ತಿ. ಮೊದಲು ಆ ಗೆಳೆಯನಿಗೆ ಸಾರಿ ಕೇಳಬೇಕಾದವರು ನಾವೇ.